ಏಳು ತುಂಬುವ ತನಕ

ನೀರಿನ ಬಾಟಲಿಯ ಮುಚ್ಚಳವನ್ನು ಯಾರೋ ಆಗಲೇ ಸಡಿಲಿಸಿ ಇಟ್ಟಿದ್ದಾರೆ, ಮುದುಕಿ, ಬೆರಳಲ್ಲಿ ಬಲವಿರುವುದಿಲ್ಲ, ವೇದಿಕೆಯ ಮೇಲೆ ಒದ್ದಾಡಿ ನಗೆಪಾಟಲಾಗುವುದು ಬೇಡ ಎಂದು, ಎಷ್ಟು ಕಾಳಜಿ, ನನ್ನ ಹತ್ತಿರ ಓದಿದವರೇ ಇರಬೇಕು, ಮುಚ್ಚಳ ಸಡಿಲಿಸುವಷ್ಟು ಸೂಕ್ಷ್ಮ ಬಂತು, ಕವಿತೆ ಮಾತ್ರ ಒಬ್ಬರ ತಲೆಗೂ ಹತ್ತಲಿಲ್ಲ — ಮೈಕಿನವನು ಉಫ್ ಉಫ್ ಎಂದು ಊದುತ್ತಿದ್ದಾನೆ, ಸಭಾಂಗಣ ಮುಕ್ಕಾಲು ತುಂಬಿದೆ, ಹಾಜರಾತಿಯ ಆಸೆ ತೋರಿಸಿ ಕರೆತಂದ ವಿದ್ಯಾರ್ಥಿಗಳು ಹಿಂದಿನ ಸಾಲುಗಳಲ್ಲಿ ಫೋನಿಗೆ ತಲೆಬಾಗಿ ಕೂತಿದ್ದಾರೆ, ಮುಂದಿನ ಸಾಲುಗಳಲ್ಲಿ ನನ್ನ ವಯಸ್ಸಿನವರು, ಮತ್ತೆ ಮೂರನೆಯ ಸಾಲಿನಲ್ಲಿ, ಕಂಬದ ಪಕ್ಕ, ಬಂದಿದ್ದಾಳೆ, ಅಕ್ಕ ಬಂದಿದ್ದಾಳೆ, ಬರಲಿಕ್ಕಿಲ್ಲ ಎಂದುಕೊಂಡಿದ್ದೆ, ನಿಜ ಹೇಳಬೇಕೆಂದರೆ ಬರದಿರಲಿ ಎಂದೇ ಅಂದುಕೊಂಡಿದ್ದೆ, ಕರೆದದ್ದೂ ನಾನೇ, ಬೇಡವೆಂದುಕೊಂಡದ್ದೂ ನಾನೇ, ಎರಡನ್ನೂ ಒಟ್ಟಿಗೆ ಮಾಡುವುದು ನನಗೆ ಚೆನ್ನಾಗಿ ಬರುತ್ತದೆ. ಅವಳ ಪಕ್ಕದಲ್ಲಿ ಭಾವ, ಆಯುಷ್ಯವೆಲ್ಲ ಲಿಫ್ಟು ರಿಪೇರಿ ಮಾಡಿದ ಮನುಷ್ಯ, ಎಲ್ಲಿ ಹೋದರೂ ಮೊದಲು ಚಾವಣಿ ನೋಡುತ್ತಾರೆ, ಈಗಲೂ ನೋಡುತ್ತಿದ್ದಾರೆ, ಅವಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದಿದ್ದಾಳೆ, ಬಸ್ಸಿನಲ್ಲಿ ಕೂತವಳ ಹಾಗೆ, ಬಾಯಿ ಅರ್ಧ ತೆರೆದಿದೆ, ನಾಲಿಗೆಯ ತುದಿ ಮೇಲಿನ ಪಕ್ಕದ ಹಲ್ಲಿನ ಬಳಿ — ಬೇಡ, ಅಲ್ಲಿ ನೋಡಬಾರದು, ಕಾಗದ ನೋಡು, ಎರಡು ಕಾಗದಗಳಿವೆ ನನ್ನ ಕೈಚೀಲದಲ್ಲಿ, ಒಂದು ಇಷ್ಟು ವರ್ಷ ಎಲ್ಲ ಕಡೆ ಓದಿದ್ದು, ಇನ್ನೊಂದು ಇವತ್ತು ಓದಲೇಬೇಕಾದದ್ದು, ಇವತ್ತು ಓದದಿದ್ದರೆ ಅದು ನನ್ನ ಜೊತೆಗೇ ಹೋಗುತ್ತದೆ.

ಅಧ್ಯಕ್ಷರು ಶುರುಮಾಡಿದರು, ಈಗ ವಿಭಾಗದ ಮುಖ್ಯಸ್ಥ, ಒಂದು ಕಾಲದಲ್ಲಿ ನನ್ನ ತರಗತಿಯ ಕೊನೆಯ ಬೆಂಚು, ಒಂದೇ ಪತ್ರಿಕೆಗೆ ಎರಡು ಸಲ ಕೂತು ಪಾಸಾದವನು, ದನಿ ಮಾತ್ರ ಆಗಲೂ ಚೆನ್ನಾಗಿತ್ತು — ಈ ಪುಸ್ತಕಕ್ಕೆ ಇವತ್ತಿಗೆ ಐವತ್ತು ವರ್ಷ, ಒಬ್ಬ ಮೇಷ್ಟ್ರು ತಮ್ಮ ಮಗಳು ನಾಲ್ಕನೇ ವರ್ಷದಿಂದ ಏಳನೇ ವರ್ಷದ ತನಕ ಆಡಿದ ಮುನ್ನೂರ ಹನ್ನೆರಡು ಮಾತುಗಳನ್ನ ತಾರೀಖು, ಗಂಟೆ, ಹವಾಮಾನದ ಸಮೇತ ಬರೆದಿಟ್ರು, ರೊಮ್ಯಾಂಟಿಕ್ ಕವಿಗಳು ಹಾಡಿದ್ದನ್ನ ಇವರು ಮನೆಯಲ್ಲೇ ಕಣ್ಣಾರೆ ಕಂಡ್ರು, ಆ ಮಗು ಇವತ್ತು ನಮ್ಮ ಮುಂದೆ ಕೂತಿದೆ — ಆ ಮಗು, ಅರವತ್ತೊಂದು ವರ್ಷದ ಮಗು, ಮಂಡಿನೋವಿನ ಮಗು, ಚಪ್ಪಾಳೆ, ನಾನು ತಲೆಬಾಗಿ ನಗಬೇಕು, ನಕ್ಕೆ. ಅಪ್ಪನ ಪುಸ್ತಕದ ಹೆಸರು ‘ಏಳರೊಳಗೆ’, ಅಪ್ಪನ ಸಿದ್ಧಾಂತವೂ ಅಷ್ಟೇ, ಮಗು ಎಲ್ಲಿಂದಲೋ ಬೆಳಕು ತಂದಿರುತ್ತದೆ, ಮರ ನೀರು ಮಣ್ಣಿನ ಜೊತೆ ಬಿಟ್ಟರೆ ಆ ಬೆಳಕು ಮಾತಾಗುತ್ತದೆ, ಏಳು ತುಂಬಿದ ದಿನ ಆರುತ್ತದೆ, ಆಮೇಲೆ ಅದು ಮಗುವಲ್ಲ, ಸಣ್ಣ ದೊಡ್ಡವರು. ಬಾಲ್ಯ, ಪ್ರಕೃತಿ ಮತ್ತು ಮುಗ್ಧತೆಯ ನಷ್ಟ — ಸೋದಾಹರಣವಾಗಿ ವಿವರಿಸಿ, ಹದಿನಾರು ಅಂಕ, ಮೂವತ್ನಾಲ್ಕು ವರ್ಷ ಆ ಪ್ರಶ್ನೆ ತೆಗೆದೆ, ಮೂವತ್ನಾಲ್ಕು ವರ್ಷ ಅದೇ ಟಿಪ್ಪಣಿ ಹೇಳಿ ಬರೆಸಿದೆ, ಅದೇ ಟಿಪ್ಪಣಿ ಉತ್ತರಪತ್ರಿಕೆಯಲ್ಲಿ ವಾಪಸು ಬಂತು, ಮೂರು ಕವಿಗಳ ಸಾಲು, ಕೊನೆಗೆ ‘ಏಳರೊಳಗೆ’ಯಿಂದ ಇರುವೆಯ ಮಾತು, ಅದಕ್ಕೆ ಕೆಂಪು ಶಾಯಿಯಲ್ಲಿ ಗುರುತು, ನನ್ನ ಹೆಸರಿನಲ್ಲಿರುವ ಮಾತಿಗೆ ನಾನೇ ಅಂಕ ಕೊಟ್ಟೆ. ಈಗ ಅದು ನಾಲ್ಕನೇ ತರಗತಿಯ ಪಾಠವಂತೆ, ಅಕ್ಕನ ಮೊಮ್ಮಗಳು ಬರುವ ವರ್ಷ ನಾಲ್ಕನೇ ತರಗತಿ, ಆ ಹುಡುಗಿ ಪುಸ್ತಕ ಹಿಡಿದು ಅಜ್ಜಿಯ ಮುಂದೆ ಕೂತು ಗಟ್ಟಿಯಾಗಿ ಓದುತ್ತಾಳೆ, ಅಕ್ಕ ತಲೆಯಾಡಿಸುತ್ತ ಕೇಳುತ್ತಾಳೆ, ಅದನ್ನು ನೆನೆದಾಗಿನಿಂದ ನನಗೆ ಊಟ ಸೇರುತ್ತಿಲ್ಲ.

ಬೆಳಗ್ಗೆ ಆರಕ್ಕೆ ಏಳಬೇಕು, ಬರಿಗಾಲಲ್ಲಿ ನಡೆಯಬೇಕು, ಮಣ್ಣು ಅವಳನ್ನ ಮಾತಾಡಿಸಲಿ ಎನ್ನುತ್ತಿದ್ದರು ಅಪ್ಪ, ಮಣ್ಣು ಎಂದೂ ಮಾತಾಡಿಸಲಿಲ್ಲ, ಚುಚ್ಚಿತು, ಅಷ್ಟೆ, ನಮ್ಮದು ಕಾಲೇಜಿನ ವಸತಿಗೃಹಗಳ ಕೊನೆಯ ಮನೆ, ಹಿಂದೆ ಒಂದು ಕೆರೆ, ಕೆರೆಯ ಸುತ್ತ ಮರಗಳು, ಯಾವ ಮರವೋ ಏನೋ, ಹೆಸರು ಹೇಳ್ಬೇಡ ಅವಳಿಗೆ ಎಂದು ಅಮ್ಮನಿಗೆ ಕಟ್ಟಪ್ಪಣೆ, ಹೆಸರು ಗೊತ್ತಾದ ತಕ್ಷಣ ಮಗು ಮರ ನೋಡೋದು ಬಿಡುತ್ತೆ, ಹಾಗಾಗಿ ನನಗೆ ಎಲ್ಲವೂ ಮರ, ಇವತ್ತಿಗೂ ಎಲ್ಲವೂ ಮರ, ಪ್ರಕೃತಿಕಾವ್ಯದ ಪ್ರಾಧ್ಯಾಪಕಿಗೆ ಎರಡು ಎಲೆ ಕೊಟ್ಟು ಇದು ಯಾವುದು ಎಂದರೆ ಬೆಬ್ಬೆಬ್ಬೆ. ಅಕ್ಷರವೂ ಕಲಿಸಬಾರದು, ಶಾಲೆಯೂ ಬೇಡ, ಏಳು ತುಂಬಲಿ. ನಾಲ್ಕು ವರ್ಷದವಳಿದ್ದಾಗ ಮುಳ್ಳು ಚುಚ್ಚಿ ಅಳುತ್ತಿದ್ದೆ, ಹಿಂದಿನ ದಿನ ಅಮ್ಮ ನನ್ನನ್ನು ಸಮಾಧಾನ ಮಾಡಲು ಅಂದಿದ್ದ ಮಾತು ಬಾಯಿಗೆ ಬಂತು, ಮುಳ್ಳಿಗೂ ನೋವಾಯ್ತಾ ಅಪ್ಪ, ಅಷ್ಟೇ ಅಂದದ್ದು, ಅಪ್ಪ ಅಲ್ಲೇ ನಿಂತುಬಿಟ್ಟರು, ಅವರ ಮುಖದಲ್ಲಿ ಏನಾಯಿತು ಎಂದು ಹೇಗೆ ಹೇಳಲಿ, ಇಡೀ ಮುಖ ನನಗಾಗಿ ತೆರೆಯಿತು, ಜೇಬಿನಿಂದ ಪುಟ್ಟ ಪುಸ್ತಕ ಬಂತು, ಇನ್ನೊಂದ್ಸಲ ಹೇಳು ಪುಟ್ಟಿ, ಹಾಗೇ ಹೇಳು, ನಾನು ಅದೇ ಅಳುವ ದನಿಯಲ್ಲಿ ಇನ್ನೊಂದು ಸಲ ಹೇಳಿದೆ, ಅಷ್ಟು ಹೊತ್ತಿಗೆ ಅಳು ನಿಂತಿತ್ತು, ಆದರೂ ಅಳುವ ದನಿ ತಂದೆ. ಮುಗ್ಧತೆಯ ನಷ್ಟ ಯಾವಾಗ ಆಯಿತು ಎಂದು ಕೇಳಿ, ಗಂಟೆ ನಿಮಿಷ ಸಮೇತ ಹೇಳುತ್ತೇನೆ, ಅಪ್ಪ ಬರೆದಿಟ್ಟಿದ್ದಾರೆ, ಪುಟ ಒಂದು, ಬೆಳಗ್ಗೆ ಆರು ನಲವತ್ತು, ತೆಳು ಮೋಡ. ಆಮೇಲೆ ನಾನು ಕೆರೆ ನೋಡಲಿಲ್ಲ, ಹಕ್ಕಿ ನೋಡಲಿಲ್ಲ, ನೋಡಿದ್ದೆಲ್ಲ ಅಪ್ಪನ ಹುಬ್ಬು, ಹುಬ್ಬು ಮೇಲೇರಿದರೆ ಗೆದ್ದೆ, ಏರದಿದ್ದರೆ ಆ ದಿನವೆಲ್ಲ ಅಪ್ಪ ಕೋಣೆಯ ಬಾಗಿಲು ಹಾಕಿಕೊಂಡು ಓದುತ್ತಿದ್ದರು. ಒಂದು ವಾರ ಏನೂ ಸಿಗಲಿಲ್ಲ, ನನ್ನೊಳಗೆ ಏನೂ ಇರಲಿಲ್ಲ, ಬೆಳಕು ಗಿಳಕು ಯಾವುದೂ, ಒಂದು ಸಾಧಾರಣ ಮಗು, ಹಸಿವಾಗುತ್ತಿತ್ತು, ನಿದ್ದೆ ಬರುತ್ತಿತ್ತು, ಅಪ್ಪ ಬೇಕಾಗಿತ್ತು.

ಇದ್ದದ್ದು ಅಕ್ಕನ ಹತ್ತಿರ. ಅವಳು ನನಗಿಂತ ಮೂರು ವರ್ಷ ದೊಡ್ಡವಳು, ಅವಳ ಹೆಸರಲ್ಲೂ ಒಂದು ಪುಸ್ತಕವಿತ್ತು, ಅವಳು ನಾಲ್ಕು ವರ್ಷ ಬಾಯಿಯೇ ಬಿಡಲಿಲ್ಲ, ಅಪ್ಪ ಪೆನ್ಸಿಲು ಹಿಡಿದು ಕಾದರು, ಬಾಯಿ ಬಿಟ್ಟಾಗ ಬೇಡ, ಸಾಕು, ನೀರು, ಇಂಥವೇ ಹದಿನೆಂಟು, ಬೇಸತ್ತು ಶಾಲೆಗೆ ಹಾಕಿದರು, ಅವಳಿಗೆ ಏಳು ತುಂಬಿದ ದಿನ ಅಡ್ಡಗೆರೆ ಎಳೆದು ಮುಗಿಸಿದರು, ಮೊದ್ದು, ಪಾಪ, ಅವಳ ಅದೃಷ್ಟ ಇಷ್ಟೇ. ಅವಳ ಮಾತು ಶುರುವಾದದ್ದೇ ಏಳಾದ ಮೇಲೆ, ಸಿದ್ಧಾಂತದ ಪ್ರಕಾರ ದೀಪ ಆರಿದ ಮನೆ, ಆ ಕಡೆ ಕಿವಿ ಕೊಡುವ ಅಗತ್ಯವೇ ಅಪ್ಪನಿಗೆ ಬರಲಿಲ್ಲ. ನಾಲ್ಕು ಗಂಟೆಗೆ ಶಾಲೆಯಿಂದ ಬಂದು ಕೆರೆಯ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಕಾಲುಚೀಲ ತೊಳೆಯುತ್ತಿದ್ದಳು, ಒಂದೇ ಜೊತೆ ಇದ್ದದ್ದು, ದಿನಾ ತೊಳೆಯಬೇಕು, ತೊಳೆಯುತ್ತ ಮಾತಾಡುತ್ತಿದ್ದಳು, ನನ್ನ ಜೊತೆಯಲ್ಲ, ನೀರಿನ ಜೊತೆ, ನಾನು ಪಕ್ಕದಲ್ಲಿ ಇದ್ದೆ, ಅಷ್ಟೆ — ಗಾಳಿಗೆ ಮನೆ ಇಲ್ಲ, ಅದಕ್ಕೇ ಎಲ್ಲರ ಬಾಗಿಲೂ ತಳ್ಳಿ ನೋಡುತ್ತೆ, ನಮ್ಮದಲ್ಲ ಅಂತ ಗೊತ್ತಾದ್ಮೇಲೆ ಹೋಗುತ್ತೆ — ಮಧ್ಯಾಹ್ನ ನೆರಳಿಗೆ ಭಯ, ಕಾಲ ಕೆಳಗೆ ಬಚ್ಚಿಟ್ಕೊಳ್ಳುತ್ತೆ, ಸಾಯಂಕಾಲ ಧೈರ್ಯ ಬಂದು ಉದ್ದ ಆಗುತ್ತೆ — ನಾನು ಅದನ್ನು ಬಾಯಲ್ಲಿ ಮತ್ತೆ ಮತ್ತೆ ಅಂದುಕೊಂಡು ಮಲಗುತ್ತಿದ್ದೆ, ಬೆಳಗ್ಗೆ ಕೆರೆಯ ದಂಡೆಯಲ್ಲಿ ಸರಿಯಾದ ಜಾಗ ನೋಡಿ ನಿಲ್ಲುತ್ತಿದ್ದೆ, ಕೆನ್ನೆಗೆ ಬೆರಳು, ಒಂದು ಕ್ಷಣ ಸುಮ್ಮನಿದ್ದು, ಅಪ್ಪ, ಗಾಳಿಗೆ ಮನೆ ಇಲ್ವಾ. ಹುಬ್ಬು ಏರುತ್ತಿತ್ತು. ಅಕ್ಕ ಆಗ ಇನ್ನೂ ಹಾಸಿಗೆಯಲ್ಲಿ, ಅವಳಿಗೆ ಗೊತ್ತಾಗುವುದಿಲ್ಲವೆಂಬುದು ನನಗೆ ಗೊತ್ತಿತ್ತು, ಐದು ವರ್ಷಕ್ಕೆ ಅಷ್ಟು ಲೆಕ್ಕಾಚಾರ. ಅಮ್ಮನಿಗೆ ಗೊತ್ತಿತ್ತು, ಅಮ್ಮ ಒಂದು ದಿನ ತಲೆ ಬಾಚುತ್ತ, ಇದೆಲ್ಲ ನಿಂಗೆ ಎಲ್ಲಿಂದ ಬರುತ್ತೆ ಅಂತ ನಂಗೆ ಗೊತ್ತಿದೆ ಎಂದಳು, ಬಾಚಣಿಗೆ ಸ್ವಲ್ಪ ಜೋರಾಗಿ ಎಳೆಯಿತು, ಅಷ್ಟೇ, ಅಪ್ಪ ಖುಷಿಯಾಗಿದ್ದ ದಿನ ಮನೆಯಲ್ಲಿ ಪಾತ್ರೆಗಳ ಸದ್ದು ಕೂಡ ಮೆತ್ತಗಿರುತ್ತಿತ್ತು, ಅಮ್ಮನಿಗೂ ಅದು ಬೇಕಿತ್ತು. ಈಗ ಅಮ್ಮನೂ ಇಲ್ಲ, ಅಪ್ಪ ಹೋಗಿ ಹತ್ತೊಂಬತ್ತು ವರ್ಷ, ನೋಯಿಸಲು ಯಾರೂ ಉಳಿದಿಲ್ಲ ಎಂದಾದ ಮೇಲೆ ನನಗೆ ಧೈರ್ಯ ಬಂದಿದೆ, ಎಂಥ ಧೈರ್ಯ.

ಯಾರೋ ಒಬ್ಬ ಹುಡುಗಿಯನ್ನು ವೇದಿಕೆ ಹತ್ತಿಸುತ್ತಿದ್ದಾರೆ, ಬಿಳಿ ಉಡುಪು, ಎರಡು ಜಡೆ, ಪಾಠದ ಮಾತನ್ನು ಹೇಳಿ ತೋರಿಸುತ್ತಾಳಂತೆ, ಅವಳ ಟೀಚರು ಪಕ್ಕದಲ್ಲಿ ತುಟಿ ಆಡಿಸುತ್ತ ನಿಂತಿದ್ದಾಳೆ, ಹುಡುಗಿ ಕೆನ್ನೆಗೆ ಬೆರಳಿಟ್ಟಳು, ಅಯ್ಯೋ, ಬೆರಳು ಇಡುವುದನ್ನೂ ಬರೆದಿಟ್ಟಿದ್ದಾರಲ್ಲ ಅಪ್ಪ — ಇರುವೆ ಇರುವೆ ಎದುರಾದ್ರೆ ಯಾಕೆ ನಿಲ್ತಾವೆ ಗೊತ್ತಾ, ನಾನು ನೀನಾ ಅಂತ ಕೇಳ್ತಾವೆ, ಅಲ್ಲ ಅಂದ್ರೆ ಹೋಗ್ತಾವೆ — ಚಪ್ಪಾಳೆ, ಅಕ್ಕನೂ ತಟ್ಟುತ್ತಿದ್ದಾಳೆ, ಚೀಲ ಜಾರದಂತೆ ಮೊಣಕೈಯಲ್ಲಿ ಒತ್ತಿಕೊಂಡು ತಟ್ಟುತ್ತಿದ್ದಾಳೆ, ಮುಖದಲ್ಲಿ ಒಂದಿಷ್ಟೂ ಕಹಿಯಿಲ್ಲ, ಇದ್ದಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು. ಇರುವೆಯ ಮಾತನ್ನೂ ಆ ಕಲ್ಲಿನ ಬಳಿಯಿಂದಲೇ ತಂದಿದ್ದೆ, ಆಮೇಲೊಂದು ಭಾನುವಾರ ಮಧ್ಯಾಹ್ನ, ತತ್ವಶಾಸ್ತ್ರದ ಮೇಷ್ಟ್ರು ಊಟಕ್ಕೆ ಬಂದಿದ್ದರು, ನನಗೆ ಐದು ವರ್ಷ ಹತ್ತು ತಿಂಗಳು, ಅಕ್ಕನಿಗೆ ಒಂಬತ್ತರ ಹತ್ತಿರ, ಮೇಲಿನ ಪಕ್ಕದ ಹಲ್ಲು ಬಿದ್ದು ಹೊಸದು ಇನ್ನೂ ಬಂದಿರಲಿಲ್ಲ, ಮೇಜಿನ ಮೇಲೆ ಚೆಲ್ಲಿದ್ದ ಸಕ್ಕರೆಗೆ ಇರುವೆ ಸಾಲು, ಅಮ್ಮ ಒರೆಸಲು ಬಟ್ಟೆ ತಂದಳು, ಅಕ್ಕ ಅಮ್ಮನ ಕೈ ಹಿಡಿದು, ತಡಿ ಅಮ್ಮ, ಕೇಳ್ತಾ ಇದ್ದಾವೆ, ನಾನು ನೀನಾ ಅಂತ ಕೇಳ್ತಾ ಇದ್ದಾವೆ ಎಂದಳು. ತತ್ವಶಾಸ್ತ್ರದವರು ಚಮಚ ಕೆಳಗಿಟ್ಟರು. ಅಪ್ಪನ ಮುಖ — ಇದನ್ನು ನಾವಿಬ್ಬರೇ ನೋಡಿದ್ದು, ಇದನ್ನು ಯಾವ ಕಾಗದದಲ್ಲೂ ಬರೆಯಲಾಗಲಿಲ್ಲ — ಅಪ್ಪನ ಮುಖ ಅರ್ಧ ಕ್ಷಣ ಅವಳಿಗಾಗಿ ತೆರೆಯಿತು, ನನಗೆ ತೆರೆಯುತ್ತಿತ್ತಲ್ಲ ಹಾಗೆಯೇ, ಅವಳ ಜೀವನದಲ್ಲಿ ಅದೊಂದೇ ಸಲ, ಅವಳೂ ಕಂಡಳು, ಆಮೇಲೆ ಮುಚ್ಚಿತು, ಎದ್ದು ಹೋಗಿ ಪುಸ್ತಕ ತಂದರು, ಹಾಳೆ ತಿರುಗಿಸಿದರು, ಇಲ್ಲಿದೆ ನೋಡಿ, ಹದಿನಾಲ್ಕನೇ ತಾರೀಖು, ಆರು ಐವತ್ತು, ಮೋಡ, ಚಿಕ್ಕವಳು ಹೇಳಿದ್ದು, ಇವತ್ತಿಗೆ ಹನ್ನೊಂದು ದಿನ.

ಬೈಯಲಿಲ್ಲ, ಹೊಡೆಯಲಿಲ್ಲ, ಅಪ್ಪ ಎಂದೂ ದನಿ ಏರಿಸಿದವರಲ್ಲ, ಹತ್ತಿರ ಕೂರಿಸಿಕೊಂಡು ಮೆತ್ತಗೆ, ತಂಗಿ ಮಾತನ್ನ ನಂದು ಅಂತ ಹೇಳ್ಬಾರದು ಮರಿ, ನಿಂದು ಏನಿದ್ಯೋ ಅಷ್ಟನ್ನೇ ಹೇಳು, ಸ್ವಲ್ಪ ಇದ್ರೂ ಪರವಾಗಿಲ್ಲ, ಎಂದರು, ಅವಳು, ನಾನೇ ಹೇಳಿದ್ದು ಎಂದಳು, ಅಪ್ಪ ನನ್ನ ಕಡೆ ತಿರುಗಿದರು, ಪುಟ್ಟಿ, ಇದು ಯಾರ ಮಾತು, ಹುಬ್ಬು ಏರಲೂ ಇಲ್ಲ ಇಳಿಯಲೂ ಇಲ್ಲ, ನಡುವೆ ನಿಂತು ಕಾಯುತ್ತಿತ್ತು, ನಂದು ಎಂದೆ. ಅಷ್ಟು ಸಲೀಸಾಗಿ ನಾನು ಬೇರೆ ಯಾವ ಮಾತನ್ನೂ ಆಡಿದ್ದು ನೆನಪಿಲ್ಲ. ಅಕ್ಕ ಪುಸ್ತಕ ಎಳೆದುಕೊಂಡಳು, ಅವಳಿಗೆ ಓದಲು ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ, ಸಾಲಿನ ಮೇಲೆ ಬೆರಳಿಟ್ಟು ಓದಿದಳು, ತಾರೀಖಿನ ಮೇಲೆ ಬೆರಳು ನಿಂತಿತು, ಹದಿನಾಲ್ಕು, ಎಂದಳು, ತನಗೆ ತಾನೇ ಹೇಳಿಕೊಂಡ ಹಾಗೆ, ಅದರ ಹಿಂದಿನ ಹಾಳೆ ತಿರುಗಿಸಿದಳು, ಗಾಳಿ, ಅದರ ಹಿಂದಿನದು, ನೆರಳು, ಒಂದೊಂದಕ್ಕೂ ಅಪ್ಪನ ಅಕ್ಷರದಲ್ಲಿ ತಾರೀಖು, ಗಂಟೆ, ಬಿಸಿಲು ಎಷ್ಟಿತ್ತು ಎಂಬುದೂ, ಅವಳು ತಲೆಯೆತ್ತಿ ನನ್ನನ್ನು ನೋಡಿದಳು, ಬಾಯಿ ಅರ್ಧ ತೆರೆದಿತ್ತು, ನಾಲಿಗೆಯ ತುದಿ ಹಲ್ಲು ಬಿದ್ದ ಸಂದಿನಲ್ಲಿ, ಏನೋ ಬರುವುದಿತ್ತು, ಬರಲಿಲ್ಲ, ಮುಚ್ಚಿತು. ಅಮ್ಮ ಬಟ್ಟೆಯಿಂದ ಇರುವೆಗಳನ್ನು ಒರೆಸಿದಳು, ತತ್ವಶಾಸ್ತ್ರದವರು, ಊಟ ಬಹಳ ಚೆನ್ನಾಗಿತ್ತಮ್ಮ ಎಂದರು.

ಆಮೇಲೆ ಬಟ್ಟೆ ಕಲ್ಲಿನ ಮೇಲೆ ಬರೀ ಕಾಲುಚೀಲ ತಿಕ್ಕುವ ಸದ್ದು. ನಾನು ಪಕ್ಕದಲ್ಲಿ ಹೋಗಿ ಕೂರುತ್ತಿದ್ದೆ, ಅಕ್ಕ ಏನಾದ್ರೂ ಹೇಳೇ, ಏನಿಲ್ಲ, ನೀರು ನೋಡೇ, ಹೂಂ, ದಿನಗಟ್ಟಲೆ, ತಿಂಗಳುಗಟ್ಟಲೆ, ನನ್ನ ಅಂಗಡಿಯ ಸರಕು ನಿಂತುಹೋಯಿತು, ಏಳು ತುಂಬಲು ಇನ್ನೂ ಹದಿನಾಲ್ಕು ತಿಂಗಳಿತ್ತು, ಏನು ಮಾಡಲಿ, ನಾನೇ ಹೊಸೆದೆ, ಚಂದ್ರ ತಟ್ಟೆ ಥರ ಇದೆ, ಹೂವು ನಗ್ತಾ ಇದೆ, ಅಪ್ಪ ಬರೆದುಕೊಂಡರು, ಹುಬ್ಬು ಏರಲಿಲ್ಲ, ಹತ್ತು ದಿನಕ್ಕೊಂದು, ತಿಂಗಳಿಗೊಂದು, ಕೊನೆಗೆ ಏಳು ತುಂಬಿದ ದಿನ ಗೆರೆ ಎಳೆದು, ಅಪ್ಪ ಅತ್ತರು, ನನಗಾಗಿ ಅತ್ತರು, ನೋಡಿದ್ಯಾ, ಕಣ್ಣ ಮುಂದೆ ಹೇಗೆ ಆರಿತು ಎಂದರು ಅಮ್ಮನಿಗೆ. ಪುಸ್ತಕದ ಖ್ಯಾತಿಯೇ ಆ ಕೊನೆಯ ನಲವತ್ತು ಪುಟ, ವಿಮರ್ಶಕರೆಲ್ಲ ಅದಕ್ಕೇ ಬಿದ್ದರು, ಮುಗ್ಧತೆ ನಂದಿಹೋಗುವುದನ್ನು ಇಷ್ಟು ಪ್ರಾಮಾಣಿಕವಾಗಿ ಯಾರೂ ದಾಖಲಿಸಿಲ್ಲ, ಏಳು ವರ್ಷದ ಸಿದ್ಧಾಂತಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ, ನಾನೂ ಅದನ್ನೇ ಪಾಠ ಮಾಡಿದೆ, ಕಪ್ಪುಹಲಗೆಯ ಮೇಲೆ ಇಳಿಯುವ ಗೆರೆ ಎಳೆದು ತೋರಿಸಿದೆ, ಆರಿದ್ದು ಒಂಬತ್ತು ವರ್ಷದ ಹುಡುಗಿಯ ಬಾಯಿ ಎಂದು ಯಾರಿಗೂ ಹೊಳೆಯಲಿಲ್ಲ, ಹೊಳೆಯುವುದಾದರೂ ಹೇಗೆ, ತಾರೀಖು ಸರಿಯಾಗಿತ್ತಲ್ಲ. ಅಕ್ಕ ಹತ್ತನೇ ತರಗತಿಯಲ್ಲಿ ಎರಡು ಸಲ ಕೂತಳು, ಆಸ್ಪತ್ರೆಯ ಬಟ್ಟೆಯ ವಿಭಾಗಕ್ಕೆ ಸೇರಿದಳು, ಮೂವತ್ತೊಂದು ವರ್ಷ ಹಾಸಿಗೆಯ ಹೊದಿಕೆಗಳ ಅಂಚು ಹೊಲಿದಳು, ಎರಡು ಮೀಟರು ನೇರ, ತಿರುಗಿಸು, ಎರಡು ಮೀಟರು ನೇರ, ಒಮ್ಮೆ ಹೋಗಿದ್ದೆ, ಹೊಲಿಗೆ ಯಂತ್ರಗಳ ಸದ್ದಿನಲ್ಲಿ ಅಲ್ಲಿ ಯಾರೂ ಮಾತಾಡುವ ಹಾಗೇ ಇರಲಿಲ್ಲ, ಇವಳಿಗೆ ಮಾತು ಕಡಿಮೆ, ಅವಳ ಪಾಲಿಂದೂ ನಾನೇ ಆಡ್ತೀನಿ ಎಂದು ಭಾವ ಎಲ್ಲರಿಗೂ ಹೇಳಿ ನಗುತ್ತಾರೆ, ಒಳ್ಳೆಯ ಮನುಷ್ಯ, ನಾನೂ ನಗುತ್ತೇನೆ, ನನಗೇನು, ನಾನು ಪ್ರಾಧ್ಯಾಪಕಿ, ಆ ಮಗು.

ಈಗ ಆ ಮಗುವೇ ಎರಡು ಮಾತು ಆಡ್ಬೇಕು ಅಂತ ಕೇಳ್ಕೊಳ್ತೀನಿ — ಕರೆದರು, ಏಳು, ಮಂಡಿ, ಮೇಜು ಹಿಡಿದುಕೋ, ಯಾವ ಕಾಗದ, ನೀಲಿ ಕ್ಲಿಪ್ಪಿನದು, ಐದು ಸಲ ತಿದ್ದಿದ್ದೇನೆ ಇದನ್ನು, ನಾಲ್ಕನೆಯ ಸಲ ಸಿಕ್ಕಿಬಿದ್ದೆ, ನನ್ನ ಪಾಪವನ್ನು ಹೇಳುವ ವಾಕ್ಯದಲ್ಲಿ ಒಂದು ಶಬ್ದ ಕಿವಿಗೆ ಹಿತವಾಗಿಲ್ಲವೆಂದು ಬದಲಿಸುತ್ತಿದ್ದೆ, ಥೂ, ನಿನ್ನ ಜನ್ಮಕ್ಕೆ. ಕನ್ನಡಕ. ಓದುತ್ತಿದ್ದೇನೆ, ನನ್ನ ದನಿ ಸ್ಪೀಕರಿನಿಂದ ಸ್ವಲ್ಪ ತಡವಾಗಿ ನನಗೇ ಬರುತ್ತಿದೆ, ಈ ಪುಸ್ತಕದ ಒಳ್ಳೆಯ ಮಾತುಗಳಲ್ಲಿ ಒಂದೂ ನನ್ನದಲ್ಲ, ಅವು ನನ್ನ ಅಕ್ಕನವು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅವಳು ಆಡಿದವು, ನಾನು ಕದ್ದು ತಂದೆ, ಅವಳೇ ಹೇಳಿದ ದಿನ ಅವಳನ್ನು ಕಳ್ಳಿ ಮಾಡಿದರು, ನಾನು ಸುಮ್ಮನಿದ್ದೆ ಎಂದರೂ ಸುಳ್ಳು, ನಾನು ನಂದು ಎಂದೆ — ಹಿಂದಿನ ಸಾಲುಗಳಲ್ಲಿ ಫೋನುಗಳಿಂದ ತಲೆಗಳು ಮೇಲೆದ್ದಿವೆ, ಮುಂದಿನ ಸಾಲಿನ ಒಬ್ಬಾಕೆ ಬಾಯಿಗೆ ಕೈ ಇಟ್ಟುಕೊಂಡಿದ್ದಾಳೆ, ಮುಂದಿನ ಮುದ್ರಣದಲ್ಲಿ ಅವಳ ಹೆಸರಿರಬೇಕು, ಪಾಠದಲ್ಲೂ, ಇಷ್ಟೇ ನಾನು ಕೇಳುವುದು, ಎಂದು ಓದಿ ಮುಗಿಸಿದೆ, ಅಕ್ಕನ ಕಡೆ ನೋಡಲಿಲ್ಲ, ನೀರು ಕುಡಿದೆ, ಮುಚ್ಚಳ ಸಡಿಲಿಸಿಟ್ಟಿದ್ದು ಒಳ್ಳೆಯದೇ ಆಯಿತು, ಬೈಯಲಿ, ಯಾರಾದರೂ ಎದ್ದು ನಿಂತು ಛೀ ಎನ್ನಲಿ, ಆಮೇಲೆ ಎಲ್ಲಿಂದಲೋ ಒಂದು ಚಪ್ಪಾಳೆ, ಎರಡು, ಇಡೀ ಸಭಾಂಗಣ, ಎದ್ದು ನಿಂತು ತಟ್ಟುತ್ತಿದ್ದಾರೆ, ಅಧ್ಯಕ್ಷ ಕಣ್ಣೊರೆಸಿಕೊಂಡು ಮೈಕು ತೆಗೆದುಕೊಂಡ, ನೋಡಿದ್ರಾ, ಅರವತ್ತು ದಾಟಿದ್ರೂ ಅದೇ ಮಗುವಿನ ಮನಸ್ಸು, ಇಷ್ಟು ಮುಗ್ಧವಾಗಿ ತಪ್ಪು ಒಪ್ಕೊಳ್ಳೋಕೆ ಇವರಿಂದ ಮಾತ್ರ ಸಾಧ್ಯ, ಸಿದ್ಧಾಂತ ಸುಳ್ಳಾಯ್ತು, ಬೆಳಕು ಆರೋದಿಲ್ಲ — ಇದನ್ನೂ ನನಗೇ ಕಟ್ಟಿಬಿಟ್ಟ, ಅವಳಿಗೆ ಕೊಡಲು ಬಂದದ್ದನ್ನು ಕೂಡ ನನ್ನ ಕೊರಳಿಗೇ ಕಟ್ಟಿದ, ನಾನು ಬೇಡವೆಂದು ತಲೆಯಾಡಿಸಿದರೆ ಅದಕ್ಕೂ ಚಪ್ಪಾಳೆ.

ಅಕ್ಕನೋರೂ ಇಲ್ಲೇ ಇದ್ದಾರಂತೆ, ದಯವಿಟ್ಟು ಒಂದು ಮಾತು — ಮೈಕಿನವನು ಮೂರನೆಯ ಸಾಲಿಗೆ ತಂತಿ ಎಳೆದುಕೊಂಡು ಹೋಗುತ್ತಿದ್ದಾನೆ, ಭಾವ ಅವಳ ಬೆನ್ನಿಗೆ ಕೈಕೊಟ್ಟು ಎಬ್ಬಿಸುತ್ತಿದ್ದಾರೆ, ಹೇಳು, ಏನಾದ್ರೂ ಹೇಳು, ಅವಳು ಚೀಲವನ್ನು ಭಾವನ ಕೈಗೆ ಕೊಟ್ಟಳು, ಮೈಕನ್ನು ಎರಡೂ ಕೈಯಲ್ಲಿ ಹಿಡಿದಳು, ಹೇಳು ಅಕ್ಕ, ಬೈ ನನ್ನನ್ನು, ಇಷ್ಟು ಜನರ ಮುಂದೆ ಬೈ, ಅಥವಾ ಕ್ಷಮಿಸು, ಯಾವುದಾದರೂ ಒಂದು — ನಂಗೆ ಮಾತಾಡಿ ಅಭ್ಯಾಸ ಇಲ್ಲ, ಎಂದಳು, ಅವಳ ದನಿ ಸ್ಪೀಕರಿನಲ್ಲಿ ಇಷ್ಟು ತೆಳ್ಳಗೆ — ನನ್ನ ತಂಗಿ ಈಗ ಓದಿದ್ದು ನಿಜ ಅಲ್ಲ, ಅವಳು ಆಗ ತೀರಾ ಚಿಕ್ಕೋಳು, ಅವಳಿಗೆ ಹೇಗೆ ನೆನಪಿರುತ್ತೆ, ಆ ಮಾತೆಲ್ಲ ಅವಳದ್ದೇ, ನಾನೇ ಎಲ್ಲೋ ಕೇಳಿಸ್ಕೊಂಡು ನಂದು ಅಂದ್ಕೊಂಡಿದ್ದೆ, ಅಪ್ಪ ತೋರಿಸಿದ್ರು, ತಾರೀಖು ಹಾಕಿತ್ತು, ನಾನು ಓದಿದೆ, ನಾನು ಹೇಳೋ ಮುಂಚೇನೇ ಅವಳು ಹೇಳಿದ್ಲು. ಆಮೇಲೆ ನಂಗೆ ತಲೇಲಿ ಏನು ಬಂದ್ರೂ ಇದು ಯಾರದ್ದೋ ಏನೋ ಅನ್ಸೋದು, ನಂದಾ ಅಲ್ವಾ ಅಂತ ಗೊತ್ತಾಗ್ತಾ ಇರ್ಲಿಲ್ಲ, ಅದಕ್ಕೇ ಹೇಳೋದೇ ಬಿಟ್ಟೆ, ಈಗ್ಲೂ ಹಾಗೇ. ನನ್ನ ಕಡೆ ತಿರುಗಿದಳು. ತಪ್ಪಾಯ್ತು ಕಣೇ, ಆವತ್ತೇ ಹೇಳ್ಬೇಕಿತ್ತು, ನಾಚ್ಕೆ ಆಯ್ತು. ಚಪ್ಪಾಳೆ, ಮತ್ತೆ ಚಪ್ಪಾಳೆ, ಇಬ್ಬರು ಅಕ್ಕತಂಗಿಯರ ದೊಡ್ಡತನವಂತೆ, ಅಧ್ಯಕ್ಷ ಏನೋ ಹೇಳುತ್ತಿದ್ದಾನೆ, ಇಲ್ಲ, ಅಕ್ಕ, ಇಲ್ಲ, ನನ್ನ ಮುಂದೆ ಮೈಕಿಲ್ಲ, ಅದು ಅವಳ ಕೈಯಲ್ಲಿದೆ, ಕಿಟಕಿಯಿಂದ ಬಂದ ಬಿಸಿಲು ಮುಂದಿನ ಸಾಲಿನ ಖಾಲಿ ಕುರ್ಚಿಯೊಂದರ ಮೇಲೆ ಬಿದ್ದಿದೆ, ಅವಳು ಅದನ್ನೇ ನೋಡುತ್ತಿದ್ದಾಳೆ, ಅವಳಿಗೆ ಏನೋ ಕಂಡಿದೆ, ನನಗೆ ಗೊತ್ತು, ಈ ಮುಖ ನನಗೆ ಗೊತ್ತು, ಏನೋ ಬರುತ್ತಿದೆ, ಕುರ್ಚಿಯ ಬಗ್ಗೆಯೋ ಬಿಸಿಲಿನ ಬಗ್ಗೆಯೋ, ಐವತ್ತೈದು ವರ್ಷಗಳ ಮೇಲೆ ಒಂದು, ಹೇಳು ಅಕ್ಕ, ನಿಂದೇ, ತಲೆಯೆತ್ತಿ ನನ್ನನ್ನು ನೋಡಿದಳು, ಇದು ನಿಂದಾ ಎಂದು ಕೇಳುವವಳ ಹಾಗೆ ನೋಡುತ್ತಿದ್ದಾಳೆ, ಬಾಯಿ ಅರ್ಧ ತೆರೆದಿದೆ, ನಾಲಿಗೆಯ ತುದಿ ಆ ಹಲ್ಲಿನ ಬಳಿ, ಬಾಯಿ ಅರ್ಧ ತೆರೆದಿದೆ, ನಾಲಿಗೆಯ ತುದಿ